ಗೋರಿಕಲ್ಲು ಪಟ್ಟು

ಕಿರಣಕುಮಾರನಿಗೆ ಆವತ್ತು ಒದಗಿದ ಫಜೀತಿಗೆಲ್ಲ ಮೂಲ ಕಾರಣ, ಅವನ ವಠಾರದ ಒಡತಿ ಅಮೃತಮ್ಮನಿಗೆ ಕುಸ್ತಿಗೂ ಟಿವಿಯಲ್ಲಿ ಬರುವ ಡಬ್ಲ್ಯೂಡಬ್ಲ್ಯೂಎಫ್‌ಗೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಹೋದದ್ದು. ಗೊತ್ತು ಮಾಡಿಕೊಳ್ಳುವ ಅಗತ್ಯವೂ ಆಕೆಗೆ ಕಂಡಿರಲಿಲ್ಲ. ಇಬ್ಬರು ಗಂಡಸರು ಬಟ್ಟೆ ಕಡಿಮೆ ಹಾಕಿಕೊಂಡು ಒಬ್ಬರನ್ನೊಬ್ಬರು ತಬ್ಬಿ ಬಿದ್ದರೆ ಆಕೆಯ ಲೆಕ್ಕದಲ್ಲಿ ಅದು ಕುಸ್ತಿ. ಹಾಗಾಗಿ ಕೆ.ಆರ್. ಪುರಂನಿಂದ, ಆಕೆಯೇ ಅವನಿಗೆ ನೋಡಿದ್ದ ಹೆಣ್ಣಿನ ತಾಯಿ ಫೋನ್ ಮಾಡಿ, "ಹುಡುಗಗ ಏನರ ಚಟ ಅದಾವೇನ್ರಿ?" ಅಂತ ಕೇಳಿದಾಗ, ಅಮೃತಮ್ಮ ಕೈಯಲ್ಲಿದ್ದ ಸೊಪ್ಪು ಬಿಡಿಸುತ್ತಲೇ, "ಬೀಡಿ ಇಲ್ಲ, ಬ್ರಾಂದಿ ಇಲ್ಲ. ಕುಸ್ತಿ ಒಂದೇ. ಕುಸ್ತಿ ಅಂದ್ರೆ ಊಟ ಬಿಡ್ತಾನೆ" ಅಂದುಬಿಟ್ಟಳು.

ಫೋನಿನ ಆ ಕಡೆ ರಿಸೀವರ್ ಕೈಯಿಂದ ಕೈಗೆ ಹೋದ ಸದ್ದಾಯಿತು. ಆಮೇಲೆ ಗಂಡಸಿನ ದನಿ ಕೇಳಿತು. ಅದು ಹೆಣ್ಣಿನ ತಂದೆ ಅಮರಪ್ಪನದು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದು ಕೆ.ಆರ್. ಪುರಂ ಸ್ಟೇಷನ್ ಹಿಂದೆ ಮನೆ ಮಾಡಿಕೊಂಡಿದ್ದ ಆತ, ಹರೆಯದಲ್ಲಿ ಲಿಂಗಸುಗೂರು ಸೀಮೆಯ ಅಖಾಡಗಳಲ್ಲಿ ಹೆಸರು ಮಾಡಿದ್ದ ಪೈಲ್ವಾನ. ಬೆಂಗಳೂರಿನ ಗಂಡುಗಳ ಮೇಲೆ ಆತನಿಗಿದ್ದ ದೂರು ಒಂದೇ. ಯಾರನ್ನು ನೋಡಿದರೂ ತಂತಿಯ ಮೇಲೆ ಒಣಹಾಕಿದ ಪ್ಯಾಂಟಿನ ಹಾಗೆ ಕಾಣುತ್ತಾರೆ ಅನ್ನುವುದು. "ಕುಸ್ತಿ ಆಡ್ತಾನಂದ್ರ ಐತಾರ ಬಂದೇ ಬರ್ತೀವಿ ತಾಯಿ" ಅಂದ.

ಕಿರಣಕುಮಾರ ಶಿವಾಜಿನಗರದಲ್ಲಿ ಕರೀಂ ಸಾಹೇಬರ ಸೂಟ್‌ಕೇಸ್ ಅಂಗಡಿಯಲ್ಲಿ ಸೇಲ್ಸ್‌ಮನ್. ಮಾನ್ವಿ ಕಡೆಯವನು. ಬೆಂಗಳೂರಿಗೆ ಬಂದ ಹೊಸದರಲ್ಲೇ ಊರಿನ ಮಾತನ್ನು ಕಿತ್ತುಹೋದ ಚಪ್ಪಲಿಯ ಹಾಗೆ ಮೆಜೆಸ್ಟಿಕ್‌ನಲ್ಲೇ ಬಿಟ್ಟು, ಮಾತಿಗೊಂದು 'ಗುರು', ಉಸಿರಿಗೊಂದು 'ಮಗಾ' ಸೇರಿಸುವುದನ್ನು ಕಲಿತಿದ್ದ. ದೇಹ ಅವನ ಅಂಗಡಿಯ ಅಗ್ಗದ ಸೂಟ್‌ಕೇಸಿನ ಹಾಗೆಯೇ ಇತ್ತು. ಹೊರಗಿನಿಂದ ಉಬ್ಬಿಕೊಂಡಿರುತ್ತಿತ್ತು, ಒಳಗೆ ತುರುಕಿದ್ದು ಮಾತ್ರ ಹಳೇ ಪೇಪರು.

ಆದರೆ ಡಬ್ಲ್ಯೂಡಬ್ಲ್ಯೂಎಫ್ ವಿಷಯ ಬಂದರೆ, ವಠಾರವಿದ್ದ ಹಲಸೂರಿನಲ್ಲಿ ಅವನ ಮುಂದೆ ಬಾಯಿ ತೆರೆಯುವ ಹಾಗಿರಲಿಲ್ಲ. ತೊಂಬತ್ನಾಲ್ಕರಲ್ಲಿ ರೇಜರ್ ರಮೋನ್, ಶಾನ್ ಮೈಕಲ್ಸ್ ಇಬ್ಬರೂ ಮೇಲೆ ತೂಗುಹಾಕಿದ್ದ ಬೆಲ್ಟುಗಳಿಗಾಗಿ ಏಣಿ ಹತ್ತಿ ಹೊಡೆದಾಡಿದ್ದನ್ನು ಅವನು ವಠಾರದ ಏಣಿಯನ್ನೇ ತಂದು ವಿವರಿಸುತ್ತಿದ್ದ. ಈಗ ಕೆಲವು ತಿಂಗಳ ಕೆಳಗೆ ಅಂಡರ್‌ಟೇಕರ್ ಅನ್ನುವವನು ಪಂಜರದ ನೆತ್ತಿಯ ಮೇಲಿಂದ ಮ್ಯಾನ್‌ಕೈಂಡ್ ಅನ್ನುವವನನ್ನು ಕೆಳಗಿನ ಮೇಜಿನ ಮೇಲೆ ಎಸೆದದ್ದನ್ನು ಹೇಳುವಾಗಲಂತೂ, ಮನೆಯಲ್ಲಿ ಸಾವಾದವರ ಹಾಗೆ ದನಿ ತಗ್ಗಿಸುತ್ತಿದ್ದ. ಯಾರಾದರೂ ಅಪ್ಪಿತಪ್ಪಿ "ಅದೆಲ್ಲ ಮೊದಲೇ ಮಾತಾಡಿಕೊಂಡು ಆಡೋ ನಾಟಕವಂತೆ" ಅಂದರೋ, ಅವರೊಂದಿಗೆ ಮಾತು ಬಿಡುತ್ತಿದ್ದ. ಎದುರು ಮನೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮುಕ್ತಾರ್ ಹಾಗಂದಿದ್ದಕ್ಕೆ, ಆತ ಕಳಿಸಿದ್ದ ಹಬ್ಬದ ಬಿರಿಯಾನಿಯನ್ನೇ ವಾಪಸು ಕಳಿಸಲು ಹೊರಟಿದ್ದ. ಅದನ್ನು ಬಾಗಿಲಲ್ಲೇ ತಡೆದು, ನಿಂತ ನಿಲುವಿನಲ್ಲೇ ಖಾಲಿ ಮಾಡಿದವನು ಬಸು.

ಬಸುವೂ ಮಾನ್ವಿ ಕಡೆಯವನೇ, ದೂರದ ಸಂಬಂಧದಲ್ಲಿ ತಮ್ಮನಾಗಬೇಕು. ಕಿರಣಕುಮಾರನ ಕೋಣೆಯಲ್ಲೇ ಇದ್ದುಕೊಂಡು, ಹತ್ತಿರದ ಬೇಕರಿಯಲ್ಲಿ ಮೈದಾ ನಾದುತ್ತಿದ್ದ. ನಾದಿ ನಾದಿ ಅವನ ತೋಳುಗಳು ಒಲೆಯಿಂದ ಆಗ ತಾನೇ ತೆಗೆದ ಬನ್ನಿನ ಹಾಗೆ ಉಬ್ಬಿದ್ದವು. ಆ ತೋಳುಗಳಿಂದ ಅವನು ಮೈದಾ ಹಿಟ್ಟಿಗೆ ಬಿಟ್ಟು ಇನ್ಯಾರಿಗೂ ನೋವು ಮಾಡಿದ್ದಿಲ್ಲ. ಕಿರಣಕುಮಾರ ಹೊಸ ಪಟ್ಟು ನೋಡಿದಾಗಲೆಲ್ಲ ಹಾಸಿಗೆಯ ಮೇಲೆ ಇವನ ಮೇಲೆಯೇ ಪ್ರಯೋಗ. ಬಸು ಹೂಂ ಅಣ್ಣಾ ಅಂತ ಬೀಳುತ್ತಿದ್ದ, ಎದ್ದು ಹಾಸಿಗೆ ಸರಿಮಾಡುತ್ತಿದ್ದ.

ಭಾನುವಾರ ಬೆಳಿಗ್ಗೆ ಅಮರಪ್ಪ, ಅವನ ಹೆಂಡತಿ ಜಟ್ಟೆಮ್ಮ, ಮಗಳು ಗಂಗಾ ಮೂವರೂ ಅಮೃತಮ್ಮನ ನಡುಮನೆಯಲ್ಲಿ ಬಂದು ಕೂತರು. ಗಂಡಿನ ಮನೆಗೆ ಹೆಣ್ಣೇ ಬರುವುದುಂಟೇ ಅಂತ ಅಮೃತಮ್ಮ ಕೇಳಿದ್ದಕ್ಕೆ ಜಟ್ಟೆಮ್ಮ, "ನಮ್ಮ ಗಂಗಾ ಗಾರ್ಮೆಂಟ್ಸ್‌ನಾಗ ಚೆಕಿಂಗ್ ಸೆಕ್ಷನ್‌ನಾಗ ಅದಾಳ್ರಿ. ತಾನೇ ಉಲ್ಟಾ ಸೀದಾ ಮಾಡಿ ನೋಡಲಾರದ ಯಾವುದನ್ನೂ ಪಾಸ್ ಮಾಡಂಗಿಲ್ಲ" ಅಂದಳು.

ಅಮರಪ್ಪನ ಕಿವಿಗಳೆರಡೂ ಮಣ್ಣಿಗೆ ಉಜ್ಜಿ ಉಜ್ಜಿ ಹೂಕೋಸಿನ ಹಾಗೆ ಮುದುಡಿದ್ದವು. ಹಳದಿ ಬಣ್ಣದ ಹೊಸ ಶರ್ಟು, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದ ಕಿರಣಕುಮಾರನ ತೋಳನ್ನು ಆತ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವರ ಹಾಗೆ ಒತ್ತಿ ನೋಡಿದ. ಬೆರಳು ಮೂಳೆಯವರೆಗೂ ಸಲೀಸಾಗಿ ಹೋಯಿತು.

"ಯಾವ ಉಸ್ತಾದರ ಕಡೆ ಕಲ್ತಿ ತಮ್ಮಾ?"

"ಉಸ್ತಾದ್ ಅಂತ ಯಾರೂ ಇಲ್ಲ ಸರ್, ಕೇಬಲ್ಲಲ್ಲಿ..." ಅಂತ ಅವನು ಬಾಯಿ ತೆರೆಯುವಷ್ಟರಲ್ಲಿ ಅಮೃತಮ್ಮ ಉಪ್ಪಿಟ್ಟಿನ ತಟ್ಟೆಯನ್ನು ನಡುವೆ ತೂರಿಸಿ, "ನಮ್ಮ ಬೈಲಪ್ಪನೋರ ಗರಡಿ. ಇಲ್ಲೇ ಹಿಂದಿನ ಬೀದಿ. ದಿನಾ ಹೋಗ್ತಾನೆ" ಅಂದಳು.

ಹಿಂದಿನ ಬೀದಿಗೆ ಅವನು ದಿನಾ ಹೋಗುತ್ತಿದ್ದದ್ದು ನಿಜ. ಗರಡಿಯ ಪಕ್ಕದ ಹೋಟೆಲಿಗೆ, ಇಡ್ಲಿ ತಿನ್ನಲು.

ಈಗ ಅವನು ನಿಜ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಎದುರಿಗೆ ಗಂಗಾ ಕೂತಿದ್ದಳು. ಎಣ್ಣೆಗೆಂಪು ಬಣ್ಣ, ದೊಡ್ಡ ಕಣ್ಣು, ಆ ಕಣ್ಣಲ್ಲಿ ಶರ್ಟಿನ ಹೊಲಿಗೆ ಬಿಟ್ಟ ಜಾಗ ಹುಡುಕುವಂಥ ಶಾಂತ ನೋಟ. ಅಂಥ ಹುಡುಗಿ ಎದುರಿಗಿರುವಾಗ ಸೂಟ್‌ಕೇಸ್ ಮಾರುವವನಾಗಿ ಉಳಿಯುವುದು ಅವನಿಗೆ ಸಾಧ್ಯವಾಗಲಿಲ್ಲ.

"ನಿನ್ನ ಖಾಸಾ ಪಟ್ಟು ಯಾವುದು?" ಅಮರಪ್ಪ ಕೇಳಿದ.

"ಟೂಂಬ್‌ಸ್ಟೋನ್ ಸರ್."

"ಅಂದ್ರ?"

"ಗೋರಿಕಲ್ಲು."

ಜಟ್ಟೆಮ್ಮ ಕಾಫಿ ಲೋಟ ಕೆಳಗಿಟ್ಟಳು. "ಗೋರಿನೂ ಕಟ್ತಾನೇನ್ರಿ ಈತ?" ಅಂತ ಗಂಡನ ಕಿವಿಯಲ್ಲಿ ಕೇಳಿದಳು.

"ಹಾಗಲ್ಲ ಆಂಟಿ. ಎದುರಾಳೀನ ತಲೆಕೆಳಗೆ ಮಾಡಿ ಹಿಡ್ಕೊಂಡು ಹಾಗೇ ಮಂಡಿ ಊರೋದು. ಅಷ್ಟೇ, ಅವನು ಏಳಲ್ಲ."

"ಯಾರಿಗರ ಹಾಕಿಯೇನು?" ಅಮರಪ್ಪನ ಮೀಸೆ ಅಲುಗಿತು.

"ಎಷ್ಟೋ ಜನಕ್ಕೆ ಹಾಕಿದ್ದೀನಿ." ದಿಂಬುಗಳನ್ನು ಜನರ ಲೆಕ್ಕಕ್ಕೆ ತೆಗೆದುಕೊಂಡರೆ ಇದೂ ಸುಳ್ಳಲ್ಲ.

ಗಂಗಾ ಸೆರಗಿನ ಅಂಚನ್ನು ಬಾಯಿಗೆ ಒತ್ತಿ ಕೆಮ್ಮಿದಳು. ಕಿರಣಕುಮಾರ ಅದನ್ನು ನಾಚಿಕೆ ಅಂದುಕೊಂಡ. ಅವನು ಅಂದುಕೊಂಡದ್ದರಲ್ಲಿ ಬಹಳಷ್ಟು ಹೀಗೆಯೇ ಇರುತ್ತಿತ್ತು.

ಅಮರಪ್ಪನ ಕಣ್ಣು ಮಾತ್ರ ನಿಜವಾಗಿಯೂ ತೇವವಾಗಿತ್ತು. "ಈ ಊರಾಗ ಇನ್ನೂ ಮಣ್ಣು ಮುಟ್ಟೋ ಹುಡುಗ್ರು ಅದಾರಂತ ನನಗ ಗೊತ್ತಿರಲಿಲ್ಲ. ನೋಡು ತಮ್ಮಾ, ನಾವು ಹ್ಯಾಂಗೂ ಸಂಜೀ ತನಕ ಇರ್ತೀವಿ. ಜೋಡಿ ಯಾರನ್ನಾರ ಕರಿ. ಒಂದು ಹಿಡಿತ ನೋಡ್ತೀನಿ. ಮನಸಿಗೆ ಬಂತಂದ್ರ ಅಖಾಡದಾಗ ರುಮಾಲು ಸುತ್ತಿ ಮದುವಿ ಮಾತು ಮುಗಸ್ತೀನಿ."

"ಧಾರಾಳವಾಗಿ ಸರ್" ಅಂದ ಕಿರಣಕುಮಾರ. ಅವನ ಬಾಯಿ ಯಾವತ್ತೂ ಅವನಿಗಿಂತ ಮುಂದೆ ಓಡುತ್ತಿತ್ತು.

ಆ ಮಧ್ಯಾಹ್ನ ಅವನು ಬಸುವನ್ನು ಎಳೆದುಕೊಂಡು ಶಿವಾಜಿನಗರದ ಹೋಟೆಲೊಂದಕ್ಕೆ ಹೋದ. ಬಸುವಿನ ಮುಂದೆ ಬಿರಿಯಾನಿ ಬಂದು, ಅವನು ಮೊದಲ ತುತ್ತು ಬಾಯಿಗಿಡುವವರೆಗೆ ಕಾದು, ಆಮೇಲೆ ಹೇಳಿದ.

"ಸಂಜೆ ಗರಡಿಯಲ್ಲಿ ನಾನು ನಿನ್ನ ಸೋಲಿಸ್ತೀನಿ ಮಗಾ."

"ಯಾಕ ಅಣ್ಣಾ?"

"ಕತೆ ಹಾಗಿದೆ."

"ಯಾರು ಬರದ ಕತಿ?"

"ನಾನೇ. ಈಗ ಬಸ್ಸಲ್ಲಿ."

ಬಸು ತುಂಡಿನ ಮೂಳೆ ಬಿಡಿಸುತ್ತಾ ಯೋಚಿಸಿದ. "ಅಂದ್ರ ನಾಟಕ ಅಂತಾಯ್ತು. ನೀ ದಿನಾ ಹೇಳ್ತಿದ್ದೆಲ್ಲ, ಕುಸ್ತಿಯಾಗ ಮೊದಲ ಮಾತಾಡಿಕೊಳ್ಳಂಗಿಲ್ಲ, ಎಲ್ಲಾ ಖರೇ ಅಂತ."

"ಟಿವಿಯಲ್ಲಿ ಬರೋದು ನಿಜ. ನಾವು ಮಾಡೋದು ನಾಟಕ. ಇಷ್ಟೂ ತಿಳಿಯಲ್ವಾ ನಿಂಗೆ?"

"ಮತ್ತ ನಾ ಗೆದ್ದರ?"

"ನೀನು ಗೆಲ್ಲೋ ಹಾಗಿದ್ರೆ ಈ ಬಿರಿಯಾನಿ ಯಾಕೆ ಕೊಡಿಸ್ತಿದ್ದೆ?"

ಈ ಮಾತಿನ ನ್ಯಾಯ ಬಸುವಿಗೆ ಒಪ್ಪಿಗೆಯಾಯಿತು. ಇನ್ನೊಂದು ಪ್ಲೇಟು ಹೇಳಿದ.

ಕಿರಣಕುಮಾರ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ತಾನೆಂದೂ ನಿಂಬೆಹೋಳನ್ನು ಬಸುವೆಂದೂ ಇಟ್ಟು ಕತೆ ಹೇಳತೊಡಗಿದ. ಲೋಕದ ಶ್ರೇಷ್ಠ ಮ್ಯಾಚುಗಳಿಂದ ಒಂದೊಂದು ತುಂಡು ಕಿತ್ತು ಅವನು ಈ ಕತೆ ಹೊಲಿದಿದ್ದ. ಮೊದಲಿಗೆ ಸ್ವಲ್ಪ ಹಿಡಿದಾಟ. ಆಮೇಲೆ ತಾನು ಏಣಿಯ ಮೇಲಿಂದ ಹಾರುವುದು. ಕೊನೆಗೆ, ಹೋದ ವರ್ಷ ಬ್ರೆಟ್ ಹಾರ್ಟ್ ಸ್ಟೀವ್ ಆಸ್ಟಿನ್‌ಗೆ ಹಾಕಿದ ಕಾಲು ತಿರುವುವ ಪಟ್ಟು. ಆಸ್ಟಿನ್‌ನ ಮುಖವೆಲ್ಲ ರಕ್ತವಾಗಿದ್ದರೂ ಸೋತೆ ಅನ್ನದೆ ಹಾಗೇ ಮೂರ್ಛೆ ಹೋದದ್ದನ್ನು ಹೇಳುವಾಗ ನಿಂಬೆಹೋಳನ್ನು ಮೆಲ್ಲಗೆ ಮಗುಚಿ ಮಲಗಿಸಿದ.

"ಗೋರಿಕಲ್ಲು ಹಾಕಂಗಿಲ್ಲೇನು?" ಬಸು ಕೇಳಿದ.

"ನಿನ್ನ ಎತ್ತೋದು ಯಾರು? ಕ್ರೇನಾ? ಮುಚ್ಕೊಂಡು ಕೇಳು. ನೀನೂ ಸೋತೆ ಅಂತ ಬಾಯಲ್ಲಿ ಹೇಳ್ಬೇಡ. ಮೂರ್ಛೆ ಹೋಗು. ಆಗಲೇ ನನ್ನ ಗೆಲುವಿಗೆ ತೂಕ ಬರೋದು."

"ಅದನ್ನ ನನಗ ಬಿಡು ಅಣ್ಣಾ. ಊರಾಗ ದೊಡ್ಡಾಟ ಆಡಿದ್ರ ರಾಕ್ಷಸನ ಪಾತ್ರ ನಂದೇ ಇರ್ತಿತ್ತು. ನಾ ಸಾಯೂದು ಮುಗಿಯೂದ್ರಾಗ ಮಂದಿ ಚಾ ಕುಡದು ಬರ್ತಿದ್ರು."

"ಜಾಸ್ತಿ ಆಡ್ಬೇಡ. ಜನ ನನ್ನ ನೋಡ್ಬೇಕು" ಅಂತ ಕಿರಣಕುಮಾರ ಎಚ್ಚರಿಕೆ ಕೊಟ್ಟ.

ಬೈಲಪ್ಪನ ಗರಡಿ ಗರಡಿಯಾಗಿ ಉಳಿದು ಬಹಳ ಕಾಲವಾಗಿತ್ತು. ಈಗ ಅದರಲ್ಲಿ ಮದುವೆಗೆ ಬಾಡಿಗೆ ಕೊಡುವ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಹಂಡೆಗಳು. ನಡುವೆ ಒಂದು ಚೌಕದಷ್ಟು ಕೆಂಪು ಮಣ್ಣನ್ನು ಮಾತ್ರ ಮುದುಕ ದಿನಾ ಎಣ್ಣೆ ಮಜ್ಜಿಗೆ ಹಾಕಿ, ಅಗೆದು ಸರಿಮಾಡಿ ಇಟ್ಟುಕೊಂಡಿದ್ದ.

"ನೀನಾ ನನ್ನ ಶಿಷ್ಯ?" ಅಂತ ಕಿರಣಕುಮಾರನನ್ನು ಮೇಲಿಂದ ಕೆಳಗೆ ನೋಡಿದ.

"ಅಮೃತಮ್ಮನೋರು ಹೇಳಿದ್ರು ಉಸ್ತಾದ್..."

"ಹೇಳ್ತಾಳೆ. ಈ ಜಾಗ ಅವಳದ್ದು. ನಾಳೆ ನಿನ್ನ ನನ್ನ ಮಗ ಅಂದ್ರೂ ಹೂಂ ಅನ್ಬೇಕು." ಕಿರಣಕುಮಾರ ಚೀಲದಿಂದ ತೆಗೆದ ಮಿರಿಮಿರಿ ಮಿಂಚುವ ಕಪ್ಪು ಚಡ್ಡಿಯನ್ನು ಮುದುಕ ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ಮೂಲೆಯ ನೀರಿನ ತೊಟ್ಟಿಗೆ ಹಾಕಿದ. "ಈ ಮಣ್ಣಿಗೆ ಲಂಗೋಟಿ ಇಲ್ಲದೆ ಇಳಿಯೋ ಹಾಗಿಲ್ಲ" ಅಂತ ಗೋಡೆಯ ಮೊಳೆಯಿಂದ ಒಂದನ್ನು ತೆಗೆದು ಎಸೆದ. ಅದರ ಮೂಲ ಬಣ್ಣ ಯಾವುದಿತ್ತು ಅನ್ನುವುದು ಅದನ್ನು ಹೊಲಿದವನಿಗೇ ಗೊತ್ತಿರಬೇಕು. ಕಿರಣಕುಮಾರ ತನ್ನ ಹಳದಿ ಶರ್ಟು, ಪ್ಯಾಂಟು ಅದೇ ಮೊಳೆಗೆ ನೇತುಹಾಕಿ, ಶಾಮಿಯಾನದ ಮರೆಯಲ್ಲಿ ಲಂಗೋಟಿ ಬಿಗಿದು ಹೊರಗೆ ಬಂದ.

ಬಂದು ನೋಡಿದರೆ ಅರ್ಧ ಹಲಸೂರು ಅಲ್ಲಿತ್ತು. ಹೆಣ್ಣಿನ ಕಡೆಯವರು ಮಾತ್ರ ನೋಡುತ್ತಾರೆ ಅಂದುಕೊಂಡಿದ್ದ. ಅಮೃತಮ್ಮ ಮುಕ್ತಾರ್‌ಗೆ ಹೇಳಿದ್ದಳು. ಒಂದು ವಿಷಯ ಮುಕ್ತಾರ್‌ಗೆ ಹೇಳಿದ ಮೇಲೆ ಮೈಕ್‌ಸೆಟ್ ಬೇರೆ ಬೇಕಾಗುತ್ತಿರಲಿಲ್ಲ, ಆದರೂ ಅವನು ಅದನ್ನೂ ತಂದಿದ್ದ. "ಹಲೋ, ಮೈಕ್ ಚೆಕ್. ಹಲಸೂರ್ ಕಾ ಶೇರ್, ಸೂಟ್‌ಕೇಸ್ ಕಿರಣ್. ಉಸ್ ತರಫ್, ಬೇಕರಿ ಬಸು. ಎಲ್ಲಾರೂ ಸ್ವಲ್ಪ ಹಿಂದೆ ಸರ್ಕೊಳ್ಳಿ, ಇದು ಡೇಂಜರ್ ಆಟ" ಅಂತ ಅವನು ಮೂರು ಭಾಷೆಯಲ್ಲಿ ಕೂಗುತ್ತಿದ್ದ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಮರಪ್ಪ, ಜಟ್ಟೆಮ್ಮ, ಗಂಗಾ. ಅಮರಪ್ಪನ ತೊಡೆಯ ಮೇಲೆ ಮಡಿಸಿಟ್ಟ ಗುಲಾಬಿ ರುಮಾಲು.

ಬಸು ಲುಂಗಿ ಬಿಚ್ಚಿಟ್ಟು ತನ್ನ ಲಂಗೋಟಿಯಲ್ಲಿ ಮಣ್ಣಿಗಿಳಿದ. ಬೈಲಪ್ಪ ಇಬ್ಬರ ಕೈಗೂ ಮಣ್ಣು ಕೊಟ್ಟು ಹಿಂದೆ ಸರಿದ. ಕಿರಣಕುಮಾರ ಅಂಡರ್‌ಟೇಕರ್‌ನ ಹಾಗೆ ಕಣ್ಣು ಗುಡ್ಡೆ ಮೇಲೆ ಮಾಡಿ, ಕತ್ತಿನ ಮೇಲೆ ಹೆಬ್ಬೆರಳು ಎಳೆದ. ಕಣ್ಣಿಗೆ ಮಣ್ಣು ಬಿತ್ತು. ಕಣ್ಣುಜ್ಜಿಕೊಳ್ಳುತ್ತಲೇ ಮುನ್ನುಗ್ಗಿ ಬಸುವಿನ ಸೊಂಟ ಹಿಡಿದ, ಅಂದರೆ ಹಿಡಿಯಲು ನೋಡಿದ. ಎರಡು ಕೈ ಸೇರಿಸಿದರೂ ಆ ಸೊಂಟದ ಸುತ್ತಳತೆ ಸಿಗಲಿಲ್ಲ. ಅದು ತೆಂಗಿನಮರವನ್ನು ಅಪ್ಪಿಕೊಂಡು ಹತ್ತಲಾರದೆ ನಿಂತವನ ದೃಶ್ಯವಾಗಿತ್ತು.

"ಅಣ್ಣಾ, ಎತ್ತತೀಯೇನು?" ಬಸು ಪಿಸುಗುಟ್ಟಿದ.

"ಹೂಂ. ನೀನೇ ಸ್ವಲ್ಪ ನೆಗಿ."

ಬಸು ನೆಗೆದ. ನೆಗೆದವನು ಗಾಳಿಯಲ್ಲೇ ಒಂದು ಸುತ್ತು ತಿರುಗಿ ಬೆನ್ನ ಮೇಲೆ ದೊಪ್ಪನೆ ಬಿದ್ದ. ಬಿದ್ದ ಸದ್ದಿಗೆ ಹಂಡೆಗಳು ಗುಂಯ್ ಅಂದವು. ಜನ ಹೋ ಅಂದರು. ತನ್ನ ಕೈಯಲ್ಲಿ ಇಂಥದ್ದೊಂದು ನಡೆದುಹೋಯಿತೆಂದು ಕಿರಣಕುಮಾರನಿಗೇ ನಂಬಿಕೆ ಬಂತು. ಅಲ್ಲಿಂದ ಅವನನ್ನು ಹಿಡಿಯುವವರಿರಲಿಲ್ಲ.

ಲೈಟು ಕಟ್ಟುವ ಏಣಿಯನ್ನು ಗೋಡೆಗೆ ಒರಗಿಸಿ ಸರಸರನೆ ಹತ್ತಿದ. "ಏಣಿ ಯಾಕ ಹತ್ತಾಕತ್ತಾನ?" ಅಂತ ಅಮರಪ್ಪ ಬೈಲಪ್ಪನನ್ನು ಕೇಳಿದ್ದಕ್ಕೆ, ಬೈಲಪ್ಪ "ಬಲ್ಬು ಬದಲಾಯಿಸೋಕಿರಬೇಕು" ಅಂದ. ಮೇಲೆ ಹೋಗಿ ಎರಡೂ ಕೈ ಅಗಲಿಸಿ ನಿಂತ ಮೇಲೆ ಕಿರಣಕುಮಾರ ಮೊದಲ ಸಲ ಕೆಳಗೆ ನೋಡಿದ. ಟಿವಿಯಲ್ಲಿ ಎತ್ತರ ಅನ್ನುವುದು ಒಂದೂವರೆ ಗೇಣು. ಇಲ್ಲಿ ಕೆಳಗಿನ ಬಸು ನಿಂಬೆಹೋಳಿನಷ್ಟೇ ಕಾಣಿಸುತ್ತಿದ್ದ. ಅವನ ಮೊಣಕಾಲು ಏಣಿಯನ್ನು ಕುಲುಕಿಸಿತು, ಏಣಿ ಅವನನ್ನು ಕುಲುಕಿಸಿತು.

"ಹಾರು ಭಾಯ್" ಅಂದಿತು ಮೈಕು.

ಅವನು ಹಾರಲಿಲ್ಲ. ಏಣಿಯೇ ಜಾರಿತು. ತಾಮ್ರದ ಹಂಡೆಯೊಂದರ ಬಾಯಿಗೆ ನೇರವಾಗಿ ಹೊರಟಿದ್ದ ಅವನ ತಲೆಗೆ, ಮಲಗಿದ್ದ ಬಸು ಚಂಗನೆ ಎದ್ದು ಎದೆ ಕೊಟ್ಟ. ಕೊಟ್ಟು, ಪೆಟ್ಟು ತಿಂದವನ ಹಾಗೆ ಅಬ್ಬಾ ಅಂತ ತಾನೇ ಹಿಂದಕ್ಕೆ ಉರುಳಿ, ಕಿರಣಕುಮಾರನನ್ನು ಮೆತ್ತಗೆ ಮಣ್ಣಿನ ಮೇಲೆ ಇಳಿಸಿದ. ನೋಡಿದವರಿಗೆ ಮೇಲಿಂದ ಬಿದ್ದವನು ಕೆಳಗಿದ್ದವನನ್ನು ಮುಗಿಸಿದ ಹಾಗೆ ಕಂಡಿತು. ಜನ ಶಿಳ್ಳೆ ಹೊಡೆದರು. ಅಮರಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತ.

ಉಳಿದದ್ದು ಕಾಲು ತಿರುವುವ ಪಟ್ಟು. ಕಿರಣಕುಮಾರ ಬಸುವಿನ ಎರಡು ಕಾಲನ್ನೂ ಹಿಡಿದು, ನಡುವೆ ತನ್ನ ಕಾಲು ತೂರಿಸಿ ಒಂದು ಸುತ್ತು ತಿರುಗಿದ. ನೋಡಿದರೆ ಮೂರನೆಯ ಕಾಲು ಎಲ್ಲಿಗೆ ಹೋಗಬೇಕು ಅನ್ನುವುದು ಮರೆತುಹೋಗಿತ್ತು. ಇನ್ನೊಂದು ಸುತ್ತು ತಿರುಗಿದ್ದಕ್ಕೆ ಅವನ ಸ್ವಂತ ಕಾಲೇ ಗಂಟುಬಿತ್ತು.

"ಅಣ್ಣಾ, ಅದು ನಿಂದು" ಅಂತ ಬಸು ನರಳುವ ದನಿಯಲ್ಲೇ ತಿಳಿಸಿದ. "ತಡಿ, ಅಯ್ಯಯ್ಯೋ, ಎಡಗಾಲು ಆಚಿ ಹಾಕು, ಸತ್ತೆನೋ ದೇವರೇ, ಹಾಂ, ಈಗ ಬಗ್ಗು." ಹೀಗೆ ತನ್ನ ಕಾಲುಗಳನ್ನು ತಾನೇ ಜೋಡಿಸಿಕೊಟ್ಟು, ಮಗುಚಿಕೊಂಡು, ಮಣ್ಣಿಗೆ ಉಗುರು ಊರಿ ಆರ್ತನಾದ ಶುರುಮಾಡಿದ.

ಬಿರಿಯಾನಿಯ ಋಣವೋ, ಬಹಳ ದಿನದ ಮೇಲೆ ಸಿಕ್ಕಿದ ಜನವೋ, ಬಸುವಿಗೆ ದೊಡ್ಡಾಟದ ಆವೇಶ ಬಂದುಬಿಟ್ಟಿತು. ಕೈ ಚಾಚಿ ತೆವಳಿದ. ಬೆನ್ನ ಮೇಲೆ ಕೂತಿದ್ದ ಕಿರಣಕುಮಾರನೂ ಎತ್ತಿನಗಾಡಿಯ ಮೇಲಿನ ಮೂಟೆಯ ಹಾಗೆ ಅವನ ಜೊತೆ ಹೋದ. "ಸೋತೆ ಅಂತೀಯೇನೋ?" ಅಂತ ಬೈಲಪ್ಪ ಬಗ್ಗಿ ಕೇಳಿದ್ದಕ್ಕೆ ಬಸು ತಲೆ ಅಲ್ಲಾಡಿಸಿದ. ಎದ್ದೇ ಬಿಟ್ಟ ಅನ್ನುವ ಹಾಗೆ ಮೊಣಕೈ ಊರಿ ಎದೆ ಎತ್ತಿದ, ನಡುಗಿದ, ಜನರತ್ತ ಒಂದು ನೋಟ ಹರಿಸಿದ, ಮತ್ತೆ ಕುಸಿದ. ಮತ್ತೆ ಎದೆ ಎತ್ತಿದ. ಮುಕ್ತಾರ್ ಮೈಕು ಹಿಡಿದುಕೊಂಡೇ ಮಾತು ಮರೆತು ನಿಂತ. ಜಟ್ಟೆಮ್ಮ, "ಸಾಕು ಬಿಡಸ್ರಿ, ಆ ಕೂಸು ಸಾಯ್ತದ" ಅಂತ ಅತ್ತಳು. ಕೊನೆಗೆ ಬಸು ಹಣೆಯನ್ನು ಮಣ್ಣಿಗೆ ಹಚ್ಚಿ ಮೆಲ್ಲಗೆ ಕಣ್ಣು ಮುಚ್ಚಿದ.

ಬೈಲಪ್ಪ ಕಸ ಎತ್ತುವವನ ಮುಖ ಮಾಡಿಕೊಂಡು ಕಿರಣಕುಮಾರನ ಕೈ ಎತ್ತಿದ.

ಕಿರಣಕುಮಾರ ಮೀಸೆ ತಿರುವಿದ. ಜನ ಚಪ್ಪಾಳೆ ಹೊಡೆಯುತ್ತಿದ್ದರು, ಆದರೆ ಎಲ್ಲರೂ ಕೆಳಗೆ ಯಾಕೆ ನೋಡುತ್ತಿದ್ದಾರೆ ಅನ್ನುವುದು ಅವನಿಗೆ ತಿಳಿಯಲಿಲ್ಲ. ಅಮರಪ್ಪ ರುಮಾಲು ಬಿಡಿಸುತ್ತಾ ಎದ್ದು ಬಂದ. ಕಿರಣಕುಮಾರ ತಲೆ ಬಗ್ಗಿಸಿ, ಕೂದಲಿನ ಮಣ್ಣು ಕೊಡವಿ, ಸುತ್ತಿಸಿಕೊಳ್ಳಲು ಸಿದ್ಧನಾಗಿ ನಿಂತ. ಅಮರಪ್ಪನ ಪಾದಗಳು 'ಸ್ವಲ್ಪ ಸರಿ' ಅನ್ನುವ ಹಾಗೆ ಅವನನ್ನು ಬಳಸಿಕೊಂಡು ಮುಂದೆ ಹೋದವು.

ಮುಂದೆ ಹೋದ ಅಮರಪ್ಪ ಮಣ್ಣಲ್ಲಿ ಮಂಡಿಯೂರಿ ಕೂತು, ಬಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರುಮಾಲು ಸುತ್ತತೊಡಗಿದ.

"ಸರ್" ಅಂದ ಕಿರಣಕುಮಾರ. "ಗೆದ್ದಿದ್ದು ನಾನು."

"ಹೌದು, ನೀ ಗೆದ್ದಿ. ಯಾರು ಇಲ್ಲ ಅಂದ್ರು?" ಅಮರಪ್ಪ ತಿರುಗಿಯೂ ನೋಡಲಿಲ್ಲ. "ತಮ್ಮಾ, ನಾನೂ ಈ ಮಣ್ಣು ತಿಂದು ಬೆಳದಾಂವ. ಇದು ಕುಸ್ತಿ ಅಲ್ಲ ಅನ್ನೋದು ನೀ ಈತನ ಸೊಂಟ ಹಿಡದಾಗ ತಿಳೀತು. ಎದ್ದು ಹೋಗಬೇಕಂತಿದ್ದೆ. ಆದ್ರ ನೀ ಏಣಿಯಿಂದ ಬೀಳಾಗ ಈತ ಎದಿ ಕೊಟ್ಟ ನೋಡು, ಅದು ನಾಟಕ ಅಲ್ಲ. ಇಷ್ಟು ಕಸುವು ಮೈಯಾಗ ಇಟಗೊಂಡು, ಒಬ್ಬರಿಗೂ ಪೆಟ್ಟಾಗದಂಗ ಬೀಳಾವ ನನಗ ಇನ್ನತನಕ ಸಿಕ್ಕಿರಲಿಲ್ಲ. ನಿಮ್ಮ ಮಂದೀನ ಅಂತಲ್ಲ ಈತನೂ?"

"ನಮ್ಮ ಮಂದೀನೇ. ಚಿನ್ನದಂಥ ಹುಡುಗ" ಅಂತ ಅಮೃತಮ್ಮ ಹಿಂದಿನಿಂದ ಹೇಳಿದಳು. ಒಂದೇ ಕೋಣೆಯ ಈ ಇಬ್ಬರಲ್ಲಿ ಯಾರ ಮದುವೆಯಾದರೂ ಓಡಾಡಿದ ಪುಣ್ಯ ಆಕೆಯದೇ.

ಕಿರಣಕುಮಾರನ ಎದೆಯಲ್ಲಿ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಗೋಡೆಯೊಂದು ಕುಸಿಯಿತು. ಅವನು ಓಡಿಹೋಗಿ ಮುಕ್ತಾರ್‌ನ ಕೈಯಿಂದ ಮೈಕು ಕಿತ್ತುಕೊಂಡ. "ಎಲ್ಲಾ ನಾಟಕ" ಅಂತ ಗರಡಿ, ಬೀದಿ, ಇಡ್ಲಿ ಹೋಟೆಲು ಎಲ್ಲಕ್ಕೂ ಕೇಳುವ ಹಾಗೆ ಹೇಳಿದ. "ಮೊದಲೇ ಮಾತಾಡಿಕೊಂಡಿದ್ದು. ಕತೆ ಬರೆದಿದ್ದು ನಾನು. ಬೀಳು ಅಂದಿದ್ದು ನಾನು, ಮೂರ್ಛೆ ಹೋಗು ಅಂದಿದ್ದೂ ನಾನು. ಅವನು ಬಿದ್ದಿದ್ದು ಬಿರಿಯಾನಿಗೆ."

ಯಾರೂ ಬೆಚ್ಚಲಿಲ್ಲ. ಮುಕ್ತಾರ್ ಮೈಕು ವಾಪಸು ತೆಗೆದುಕೊಂಡು, "ಗೆದ್ದೋರು ಹಿಂಗೆಲ್ಲ ಅಳಬಾರ್ದು ಭಾಯ್" ಅಂದ.

ಆಗ ಗಂಗಾ ಮೊದಲ ಸಲ ಬಾಯಿ ತೆರೆದಳು. "ಕತಿ ನೀವು ಬರದದ್ದಲ್ರಿ. ಏಣಿ ತೊಂಬತ್ನಾಲ್ಕರದ್ದು, ಕಾಲು ತಿರುವಿದ್ದು ಹೋದ ವರ್ಷದ್ದು. ನಮ್ಮ ಮಗ್ಗಲ ಮನ್ಯಾಗೂ ಕೇಬಲ್ ಅದ." ಆಕೆ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಆ ಮ್ಯಾಚು ಮುಗಿದ ಮ್ಯಾಲೆ ಮಂದಿ ಮೂರ್ಛೆ ಹೋದಾವನ ಹೆಸರನ್ನ ಕೂಗಿದ್ರು. ಅದನ್ನ ನೀವು ನೋಡಲಿಲ್ಲೇನು?"

ಕಿರಣಕುಮಾರ ನೋಡಿದ್ದ. ಎಷ್ಟೋ ಸಲ ನೋಡಿದ್ದ. ಪ್ರತಿ ಸಲವೂ ಅದನ್ನು ಕೇಬಲ್ಲಿನವರ ಸೌಂಡಿನ ದೋಷ ಅಂದುಕೊಂಡಿದ್ದ.

ಬಸು ಇನ್ನೂ ಕದಲಿರಲಿಲ್ಲ. ಏಳು ಅಂತ ಯಾರೂ ಹೇಳಿರಲಿಲ್ಲವಲ್ಲ. ರುಮಾಲಿನ ಕೊನೆಯ ಸುತ್ತು ಹಣೆಗೆ ಬಿಗಿಯಾದಾಗ ಒಂದು ಕಣ್ಣನ್ನು ಮಾತ್ರ ಅರ್ಧ ತೆರೆದು, "ಅಣ್ಣಾ, ಇದು ಕತಿಯಾಗ ಇರಲಿಲ್ಲಲ್ಲ. ಈಗ ನಾ ಏಳಲೋ ಬ್ಯಾಡೋ?" ಅಂತ ಕೇಳಿದ.

"ಏಳ್ರಿ, ಮಣ್ಣಾಗ ಥಂಡಿ ಹತ್ತತದ" ಅಂದಳು ಗಂಗಾ. ಬಸು ಎದ್ದು ಕೂತ. ಆಕೆಯನ್ನು ನೋಡಿದ. ಆಮೇಲೆ ಅವನ ಕಿವಿ ಕೆಂಪಗಾದದ್ದರಲ್ಲಿ ದೊಡ್ಡಾಟದ ಪಾಲು ಎಳ್ಳಷ್ಟೂ ಇರಲಿಲ್ಲ.

ಜಟ್ಟೆಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು. ಇವತ್ತೇ ಕೆ.ಆರ್. ಪುರಂಗೆ ಕರೆದುಕೊಂಡು ಹೋಗಿ ಅಣ್ಣತಮ್ಮಂದಿರಿಗೆಲ್ಲ ತೋರಿಸಬೇಕು, ಆದರೆ ಅಳಿಯನಾಗುವವನನ್ನು ಈ ವೇಷದಲ್ಲಿ ಹೇಗೆ ಬಸ್ಸು ಹತ್ತಿಸುವುದು ಅಂತ ಆಕೆಗೆ ಚಿಂತೆ. ಅವನು ಉಟ್ಟುಕೊಂಡು ಬಂದಿದ್ದ ಲುಂಗಿ ಜನರ ಕಾಲಡಿ ಸಿಕ್ಕಿ ನೆಲ ಒರೆಸುವ ಬಟ್ಟೆಯಾಗಿತ್ತು. ಗೋಡೆಯ ಮೊಳೆಯ ಮೇಲೆ ಹಳದಿ ಶರ್ಟು, ಇಸ್ತ್ರಿ ಪ್ಯಾಂಟು ಕಣ್ಣಿಗೆ ಬಿದ್ದವು. "ಇವು ಯಾರವೂ ಇರಲಿ, ನಾಳೆ ಒಗದು ಕಳಸ್ತೀವಿ" ಅಂತ ತೆಗೆದುಕೊಟ್ಟಳು. ಪ್ಯಾಂಟಿನ ಗುಂಡಿ ಹಾಕಲು ಬರಲಿಲ್ಲ, ಶರ್ಟನ್ನು ಮೇಲೆ ಇಳಿಬಿಟ್ಟರು. ಮುಕ್ತಾರ್ ಮೈಕ್‌ಸೆಟ್ಟಿನ ವ್ಯಾನಿನಲ್ಲೇ ಎಲ್ಲರನ್ನೂ ಕೂರಿಸಿಕೊಂಡ. ಅಮೃತಮ್ಮ ಮುಂದಿನ ಸೀಟು ಹಿಡಿದಳು. ವ್ಯಾನು ಹೊರಟಾಗ ಬಸು ಹಿಂದಿನ ಕಿಟಕಿಯಿಂದ ಕೈ ಬೀಸಿ, "ರಾತ್ರಿ ಊಟಕ್ಕ ಕಾಯಬ್ಯಾಡ ಅಣ್ಣಾ" ಅಂದ.

ಜನ ಕರಗಿದರು. ಗರಡಿಯಲ್ಲಿ ಕುರ್ಚಿಗಳ ನಡುವೆ ಕಿರಣಕುಮಾರ ಒಬ್ಬನೇ ನಿಂತಿದ್ದ. ತೊಟ್ಟಿಯಲ್ಲಿ ಕಪ್ಪು ಚಡ್ಡಿ ತೇಲುತ್ತಿದೆಯಾ ಅಂತ ಬಗ್ಗಿ ನೋಡಿದ. ತಳ ಕಾಣಲಿಲ್ಲ. ಇಲ್ಲಿಂದ ವಠಾರಕ್ಕೆ ಒಂದೇ ಬೀದಿ. ಭಾನುವಾರದ ಸಂಜೆ ಆ ಬೀದಿಯಲ್ಲಿ ಹಲಸೂರಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ಕೂತಿರುತ್ತಾರೆ. ಓಡಿದರೆ ಹೇಗೆ, ಕುರ್ಚಿಯೊಂದನ್ನು ಮುಂದೆ ಹಿಡಿದುಕೊಂಡು ಓಡಿದರೆ ಹೇಗೆ ಅಂತ ಯೋಚಿಸುತ್ತಾ ಬಾಗಿಲವರೆಗೆ ಹೋದ.

"ಎಲ್ಲಿಗೆ?" ಬೈಲಪ್ಪ ಮಣ್ಣು ಸರಿಮಾಡುತ್ತಾ ತಲೆ ಎತ್ತದೆ ಕೇಳಿದ. "ಬೀಗ ಹಾಕ್ಬೇಕು. ಆ ಲಂಗೋಟಿ ಬಿಚ್ಚಿಟ್ಟು ಹೋಗಪ್ಪ, ಅದು ಗರಡೀದು."